ಕೆನಡೀಯ ವಿರಹ ಮೀಮಾಂಸೆ

ಭರತಮುನಿ ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿ, ಗಂಡ ದೂರದೇಶಕ್ಕೆ ಹೋದವಳಿಗೆ ಪ್ರೋಷಿತಭರ್ತೃಕೆ ಎಂದು ಹೆಸರಿಟ್ಟ. ಆದರೆ ಗಂಡ ಬ್ರಾಂಪ್ಟನ್ನಿನ ಬೇಸ್‌ಮೆಂಟಿನಲ್ಲಿ, ಹೆಂಡತಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಇಬ್ಬರ ನಡುವೆ ಕೆನಡಾ ವಲಸೆ ಇಲಾಖೆಯ ಒಂದು ಫೈಲು: ಹೀಗಿರುವ ಒಂಬತ್ತನೆಯವಳು ಮುನಿಯ ಲೆಕ್ಕಕ್ಕೆ ಸಿಗಲಿಲ್ಲ. ಈ ಪ್ರಬಂಧ ಅವಳನ್ನು ‘ಅರ್ಜಿಸ್ಥಭರ್ತೃಕೆ’ ಎಂದು ಕರೆಯುತ್ತದೆ. (ಹೆಂಡತಿ ಅಲ್ಲಿದ್ದು ಗಂಡ ಇಲ್ಲಿ ಕಾಯುವ ಪ್ರಕರಣಗಳೂ ಧಾರಾಳವಾಗಿವೆ. ಆ ಗಂಡಂದಿರ ವಿಂಗಡಣೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.)

ಪೂರ್ವಪಕ್ಷ: ಅಗಲಿಕೆ ನಮಗೆ ಹೊಸತಲ್ಲ. ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಕಾಳಿದಾಸನ ಯಕ್ಷನೂ ಆಷಾಢದಲ್ಲೇ ಮೋಡ ಕಂಡು ಕರಗಿದವನು. ಹೀಗಿರುವಾಗ ಕೆನಡಾದ ವಿರಹಕ್ಕೆ ಪ್ರತ್ಯೇಕ ಶಾಸ್ತ್ರವೇಕೆ?

ಸಿದ್ಧಾಂತ: ಬೇಕೇ ಬೇಕು. ಶ್ರಾವಣ ಬಂದರೆ ಆಷಾಢ ಮುಗಿಯಿತು, ಪಂಚಾಂಗವೇ ಸಾಕ್ಷಿ. ಯಕ್ಷನಿಗೆ ಕುಬೇರ ಕೊಟ್ಟ ಶಾಪ ಸರಿಯಾಗಿ ಒಂದು ವರ್ಷದ್ದು. ಇನ್ನು ನಾಲ್ಕೇ ತಿಂಗಳು ಉಳಿದಿದೆ ಎಂದು ಹೆಂಡತಿಗೆ ಹೇಳಿಕಳಿಸುವಷ್ಟು ಖಚಿತ. ಕೆನಡಾದ ಲೆಕ್ಕವೂ ಒಂದು ವರ್ಷವೇ. 2016ರ ಡಿಸೆಂಬರ್‌ನಲ್ಲಿ ಆಗಿನ ವಲಸೆ ಸಚಿವ ಜಾನ್ ಮೆಕಲಮ್, ದಂಪತಿಗಳ ಬಹುತೇಕ ಅರ್ಜಿಗಳನ್ನು 12 ತಿಂಗಳೊಳಗೆ ವಿಲೇವಾರಿ ಮಾಡುವುದಾಗಿ ಘೋಷಿಸಿದರು. ಭೇದ ಇಷ್ಟೇ: ಕುಬೇರನದು ಶಾಪ, ಇಲಾಖೆಯದು ಗುರಿ.

ಶಾಪ ತಪ್ಪುವುದಿಲ್ಲ.

ಇನ್ನು ಪ್ರಮಾಣ ಪ್ರಕರಣ. ವಲಸೆ ನಿಯಮಾವಳಿಯ 4ನೇ ಸೆಕ್ಷನ್ ಪ್ರಕಾರ ಮದುವೆ ನೈಜವಲ್ಲದಿದ್ದರೆ, ಅಥವಾ ವಲಸೆಯ ಲಾಭವೇ ಅದರ ಮುಖ್ಯ ಉದ್ದೇಶವಾಗಿದ್ದರೆ, ಅರ್ಜಿ ಬಿದ್ದಂತೆ. ದುಡ್ಡಿಗಾಗಿ ಮದುವೆ ನಟಿಸುವವರು ಇದ್ದೇ ಇರುವುದರಿಂದ ಇಲಾಖೆಯ ಅನುಮಾನ ನಿರಾಧಾರ ಎನ್ನುವಂತಿಲ್ಲ. ಹಾಗಾಗಿ 5532 ಎಂಬ ಸಂಖ್ಯೆಯ ಫಾರಂ ವಿಚಾರಿಸುತ್ತದೆ: ಮೊದಲು ಭೇಟಿಯಾದದ್ದು ಎಲ್ಲಿ? ಪರಿಚಯ ಮಾಡಿಸಿದವರು ಯಾರು? ಸೋದರಮಾವ ತಂದ ಜಾತಕ ಕೂಡಿಬಂದು, ಉಪ್ಪಿಟ್ಟು ತಿಂದು, ಟೆರೇಸಿನ ಮೇಲೆ ಹತ್ತು ನಿಮಿಷ ಮಾತಾಡಿ ಒಪ್ಪಿಕೊಂಡವರು ಅದನ್ನೇ ಒಂದು ಪ್ರೇಮಕಥೆಯಾಗಿ ಬರೆಯಬೇಕು. ಫೋಟೋ ಗರಿಷ್ಠ 20. ಆಲ್ಬಮ್ಮಿನ ತುಂಬ ಮದುಮಕ್ಕಳು ಯಾರ್‍ಯಾರದೋ ಪಕ್ಕದಲ್ಲಿ ಉಡುಗೊರೆ ಹಿಡಿದು ನಿಂತಿರುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿರುವುದು ಫೋಟೋದವನು ಗದರಿದಾಗ ಮಾತ್ರ. ಸಂಪರ್ಕದ ಪುರಾವೆಯಾಗಿ ವಾಟ್ಸ್‌ಆ್ಯಪ್ ಮಾತುಕತೆ ಗರಿಷ್ಠ 10 ಪುಟ. ನೂರಕ್ಕೂ ಮಿಕ್ಕಿ ಶ್ಲೋಕಗಳಿರುವ ಮೇಘದೂತ ಇಲ್ಲೇ ವಾಪಸಾಗುತ್ತಿತ್ತು. ಕನ್ನಡದ ಮಾತುಗಳನ್ನು ಇಂಗ್ಲಿಷಿಗೋ ಫ್ರೆಂಚಿಗೋ ಅನುವಾದ ಮಾಡಿಸಿ ಅಫಿಡವಿಟ್ ಲಗತ್ತಿಸಬೇಕಾದ್ದರಿಂದ, ದಂಪತಿಯ ಸರಸಕ್ಕೆ ಅಧಿಕಾರಿಗಿಂತ ಮೊದಲ ಓದುಗ ನೋಟರಿ. ಅದರಲ್ಲಿ ಒಂಬತ್ತು ಪುಟ ‘ಊಟ ಆತೇನು?’ ‘ಆತು. ನಿಮ್ದು?’ ಎಂದೇ ಇರುವುದು ಧಾರವಾಡ ಸೀಮೆಯ ಶೃಂಗಾರದ ಲಕ್ಷಣ.

ವೈದ್ಯಕೀಯ ತಪಾಸಣೆಗೂ 12 ತಿಂಗಳೇ ಆಯುಷ್ಯ. ಅದು ಬೇಗ ಮುಗಿದು ಫೈಲು ಮಲಗಿಬಿಟ್ಟರೆ ಎದೆಯ ಎಕ್ಸ್‌ರೇ ಹಳಸುತ್ತದೆ. ಎದೆ ಅದೇ ಇದ್ದರೂ ಎಕ್ಸ್‌ರೇ ಹೊಸದಾಗಬೇಕು.

ಈ ಶಾಸ್ತ್ರದ ಅತ್ಯಂತ ಗಹನವಾದ ವಸ್ತು ‘ಘೋಸ್ಟ್ ಅಪ್‌ಡೇಟ್’. ಆನ್‌ಲೈನ್ ಖಾತೆಯಲ್ಲಿ ಕೊನೆಯ ಬದಲಾವಣೆಯ ದಿನಾಂಕ ಮಾತ್ರ ಹೊಸದಾಗುತ್ತದೆ. ಬದಲಾದದ್ದು ಏನೆಂದು ಕಾಣುವುದಿಲ್ಲ. ಅದ್ವೈತಿಗಳು ಇದನ್ನು ಮಿಥ್ಯೆ ಎನ್ನಬಹುದು. ಮಾಧ್ವರು ಒಪ್ಪಲಾರರು: ಜಗತ್ತು ಸತ್ಯ, ಅಪ್‌ಡೇಟೂ ಸತ್ಯ, ಮೇಲಾಗಿ ತಾರತಮ್ಯವೂ ಸತ್ಯ. ಕ್ವಿಬೆಕ್ ಪ್ರಾಂತ್ಯ 2024ರ ಜೂನ್‌ನಲ್ಲಿ ಕುಟುಂಬ ಪ್ರಾಯೋಜನೆಗೆ ಎರಡು ವರ್ಷಕ್ಕೆ 13,000 ಅರ್ಜಿಗಳ ಮಿತಿ ಹಾಕಿದ್ದನ್ನು ನೋಡಿದರೆ ಈ ವಾದವೇ ಗಟ್ಟಿ. ಜಿಜ್ಞಾಸುಗಳು ಐದು ಡಾಲರ್ ಕಟ್ಟಿ, ಮಾಹಿತಿ ಹಕ್ಕಿನ ಕಾನೂನಿನಡಿ ಫೈಲಿನ ಟಿಪ್ಪಣಿ ತರಿಸಿಕೊಳ್ಳುತ್ತಾರೆ. ಭದ್ರತೆ: ಪರಿಶೀಲನೆಯಲ್ಲಿದೆ. ಇದನ್ನು ಓದಿ ಒಂದು ವಾರ ಕುಟುಂಬದ ಗ್ರೂಪಿನಲ್ಲಿ ಭಾಷ್ಯ ನಡೆಯುತ್ತದೆ.

ಕೆಲವೊಮ್ಮೆ ಕಾರಣ ದಂಪತಿಗೆ ಸಂಬಂಧವೇ ಇಲ್ಲದ್ದು. ಎರಡು ದೇಶಗಳ ಜಗಳದಲ್ಲಿ 2023ರ ಅಕ್ಟೋಬರ್‌ನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ಭಾರತದಿಂದ ವಾಪಸು ಕರೆಸಿಕೊಂಡಿತು. ಇಲ್ಲಿದ್ದ ವಲಸೆ ಇಲಾಖೆಯ ಕೆನಡಾ ಸಿಬ್ಬಂದಿ 27ರಿಂದ 5ಕ್ಕೆ ಇಳಿದರು. ಬೆಂಗಳೂರಿನ ಕಾನ್ಸುಲೇಟಿನಲ್ಲಿ ಖುದ್ದು ಸೇವೆ ನಿಂತಿತು. ಬಹುಪಾಲು ಕೆಲಸ ಭಾರತದ ಹೊರಗೇ ನಡೆಯುತ್ತದೆ ಎಂದು ಇಲಾಖೆ ಸಮಾಧಾನ ಹೇಳಿತು. ಆದರೆ ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೊಡ್ಡಮ್ಮ ‘ಯಾಕವಾ, ಇನ್ನೂ ಇಲ್ಲೇ ಅದೀ?’ ಎಂದು ಕೇಳಿದರೆ, ಕೈಯಲ್ಲಿ ತುತ್ತು ಹಿಡಿದವಳು ವಿದೇಶಾಂಗ ನೀತಿಯನ್ನು ಎಲ್ಲಿಂದ ವಿವರಿಸಬೇಕು?

ಫಲಶ್ರುತಿ: ಈ ವ್ರತವನ್ನು ಪೂರೈಸಿದವಳಿಗೆ ಕಾಯಂ ನಿವಾಸಿ ಪಟ್ಟ. ಅಂದಿನಿಂದ ಮೂರು ವರ್ಷ ಅವಳ ಮೂಲ ಅಗತ್ಯಗಳಿಗೆ ಗಂಡನೇ ಹೊಣೆ; ವಿಚ್ಛೇದನವೇ ಆದರೂ ಆ ಮುಚ್ಚಳಿಕೆ ರದ್ದಾಗದು. ಇದೇ ಸುಖವನ್ನು ಮತ್ತೊಮ್ಮೆ, ಅತ್ತ ಕಡೆಯಿಂದ, ಅನುಭವಿಸುವ ಆಸೆ ಯಾರಿಗಾದರೂ ಇದ್ದರೆ ಅವರ ಗಮನಕ್ಕೆ: ಸಂಗಾತಿಯಾಗಿ ಸ್ಪಾನ್ಸರ್‌ಶಿಪ್ ಮೇಲೆ ಬಂದವರು ಕಾಯಂ ನಿವಾಸಿಯಾಗಿ ಐದು ವರ್ಷ ತುಂಬುವವರೆಗೆ ಬೇರೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ.