ತಿಮ್ಮಾಪುರ–ಬೆಂಗಳೂರು ವಾಯುಮಾರ್ಗ ಮೀಮಾಂಸೆ

ರಾಜ್ಯದಲ್ಲಿ ತಿಮ್ಮಾಪುರಗಳು ಹಲವು. ಇಲ್ಲಿ ವಿಚಾರಕ್ಕೆತ್ತಿಕೊಂಡಿರುವುದು ಮುಧೋಳ ತಾಲ್ಲೂಕಿನದು. ರನ್ನನಗರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. ಲೆಕ್ಕದ ಅನುಕೂಲಕ್ಕೆ ಮುಧೋಳವನ್ನೇ ತಿಮ್ಮಾಪುರವೆಂದು ಭಾವಿಸಲಾಗಿದೆ. ವಿಮಾನದ ವೇಗದ ಮುಂದೆ ಈ ವ್ಯತ್ಯಾಸ ಯಾವ ಲೆಕ್ಕ?

ಪೂರ್ವಪಕ್ಷ. ಎರಡು ಊರಿನ ಹೆಸರು ಕೊಟ್ಟರೆ ಸಾಕು, ದೂರವನ್ನೂ ವಿಮಾನದ ಅವಧಿಯನ್ನೂ ಗಣಕಯಂತ್ರ ಹೇಳಿಬಿಡುತ್ತದೆ. ಅದರ ಮತದಲ್ಲಿ ಭೂಮಿ ಗುಂಡಗಿದೆ, ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ, ಹತ್ತುವುದಕ್ಕೊಂದು ಜಾಗ ಬೇಕೆಂಬುದು ಅಜ್ಞಾನಿಗಳ ಭ್ರಮೆ. ಈ ಮತದಂತೆ ದೇವನಹಳ್ಳಿ ಸುಮಾರು 434 ಕಿ.ಮೀ.; ಪ್ರಯಾಣ 33 ನಿಮಿಷ.

ಇದನ್ನು ಬಸ್‌ಸ್ಟ್ಯಾಂಡಿನ ಹಿರಿಯರೊಬ್ಬರ ಮುಂದಿಟ್ಟಾಗ ಬಂದ ಆಕ್ಷೇಪ: "ಅದು ಇಳಿಯಾಕ ಜಾಗಾ ಎಲ್ಲೈತ್ರಿ? ಸುತ್ತ ಎಲ್ಲಾ ಕಬ್ಬೈತಿ." ಗಣಕಯಂತ್ರ ಇದಕ್ಕೆ ಉತ್ತರಿಸಿಲ್ಲ.

ಖಂಡನೆ. ವಿಮಾನ ಬೇಕೆಂದರೆ ಬೆಳಗಾವಿಯ ಸಾಂಬ್ರಾಕ್ಕೆ ಹೋಗಬೇಕು. ಆದರೆ ಸಾಂಬ್ರಾದಿಂದ ದೇವನಹಳ್ಳಿಗೆ ನೇರ ದೂರ ಸುಮಾರು 444 ಕಿ.ಮೀ. ಅಂದರೆ ರಸ್ತೆಯಲ್ಲಿ ನೂರು ಕಿ.ಮೀ. ಸವೆಸಿದ ಪ್ರಯಾಣಿಕ ಬೆಂಗಳೂರಿನಿಂದ ಇನ್ನೂ ಹತ್ತು ಕಿ.ಮೀ. ದೂರ ಸರಿದಿರುತ್ತಾನೆ. ಹಣ ಕೊಟ್ಟು ಹಿಂದೆ ಹೋಗುವ ಈ ಕ್ರಮಕ್ಕೆ ವೇಗದ ಪ್ರಯಾಣವೆಂದು ಹೆಸರು. ಕಬ್ಬು ನುರಿಸುವ ಹಂಗಾಮಿನಲ್ಲಂತೂ ಎರಡು ಟ್ರೇಲರ್ ಹಚ್ಚಿಕೊಂಡು, ಹಾಡು ಹಾಕಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂದೆ ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತ ಪ್ರಾತ್ಯಕ್ಷಿಕೆ ಸಹಿತ ಸಿದ್ಧಿಸುತ್ತದೆ: ಕಾಲ ನಿಲ್ಲುತ್ತದೆ, ಹಾಡು ಮಾತ್ರ ಮುಂದುವರಿಯುತ್ತದೆ. (ರೈಲಿನ ಪ್ರಸ್ತಾಪ ಇಲ್ಲಿ ಬೇಡ. 142 ಕಿ.ಮೀ.ಗಳ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2010-11ರಲ್ಲಿ. ಅದರ ವೇಗ ಅಳೆಯಲು ಗಡಿಯಾರ ಸಾಲದು, ಪಂಚಾಂಗ ಬೇಕು.)

ಈಗ ಕೂಡಿಸೋಣ. ಸಾಂಬ್ರಾಕ್ಕೆ ಮೂರು ಗಂಟೆ, ಅಲ್ಲಿ ಬೆಲ್ಟು ಬಿಚ್ಚಿ ಕಾಯಲು ಎರಡು, ಆಕಾಶದಲ್ಲಿ ಒಂದು ಚಿಲ್ಲರೆ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹತ್ತಿರಹತ್ತಿರ ಎರಡು. ಒಟ್ಟು ಎಂಟು ಗಂಟೆ.

ಸಿದ್ಧಾಂತ. ಮುಧೋಳ ನಾಯಿಯ ಓಟ ಗಂಟೆಗೆ 50 ಕಿ.ಮೀ. ಎಂಬುದು ಪ್ರತೀತಿ. ಅದು ದಣಿಯದೆ, ಯಾವ ಮೊಲದ ಆಸೆಗೂ ಬೀಳದೆ, ಮೂಗಿನ ನೇರಕ್ಕೆ ಓಡಿದರೆ ಮೆಜೆಸ್ಟಿಕ್ 9 ಗಂಟೆಯ ಹಾದಿ. ವಿಮಾನಕ್ಕಿಂತ ಒಂದೇ ಗಂಟೆ ತಡ, ಬೋರ್ಡಿಂಗ್ ಪಾಸೂ ಬೇಡ. ರಾತ್ರಿ ಸ್ಲೀಪರ್ ಬಸ್ಸು ಇದಕ್ಕಿಂತ ತಡ ಮಾಡಿದರೂ ನಿದ್ದೆಯನ್ನು ಪ್ರಯಾಣದ ವೇಳೆಯಲ್ಲಿ ಹಿಡಿಯಬಾರದೆಂಬುದು ಈ ಪ್ರಾಂತದ ವ್ಯಾಪಾರಿಗಳ ಮತ. ಅದೇ ನಮಗೂ ಗ್ರಾಹ್ಯ.

ಹಾಗಾದರೆ ತಿಮ್ಮಾಪುರಕ್ಕೂ ವಿಮಾನಕ್ಕೂ ನಂಟೇ ಇಲ್ಲವೇ ಎಂದರೆ, ಇದೆ. ಅದೂ ಗಣಕಯಂತ್ರ ಊಹಿಸದ ದಿಕ್ಕಿನಿಂದ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇರುವುದು ಇದೇ ಊರಿನಲ್ಲಿ. ಅಲ್ಲಿಂದ 2021ರಲ್ಲಿ ಮುಧೋಳ ಮರಿಗಳು ಸುಮಾರು 1,230 ಕಿ.ಮೀ. ದೂರದ ಆಗ್ರಾ ವಾಯುನೆಲೆಯ ಕೆಲಸಕ್ಕೆ ಸೇರಿದವು. ಕೆಲಸವೇನೆಂದರೆ, ವಿಮಾನಕ್ಕೆ ಬಡಿಯದಂತೆ ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸುವುದು.

ಆದುದರಿಂದ ಪ್ರಾಜ್ಞರು ಗಮನಿಸಬೇಕು: ವಿಮಾನ ನಿಲ್ದಾಣಕ್ಕೆ ಬೇಕಾದ ತರಬೇತಿಯೋಗ್ಯ ಸಿಬ್ಬಂದಿ ತಿಮ್ಮಾಪುರದಲ್ಲಿ ಹುಟ್ಟುತ್ತಲೇ ಇದೆ. ಓಡಿಸಲು ಹಕ್ಕಿಗಳೂ ಧಾರಾಳವಾಗಿವೆ. ರನ್‌ವೇ ಮತ್ತು ವಿಮಾನ, ಈ ಎರಡು ಸಣ್ಣಪುಟ್ಟ ಸಾಮಾನುಗಳನ್ನು ಸರಕಾರ ಒದಗಿಸಬಹುದು.