ನಮಗೆ ಬೇರೆ ಶಾಖೆಗಳಿಲ್ಲ

ತಾಲ್ಲೂಕು ಕೇಂದ್ರಗಳಲ್ಲಿ ಈಚೆಗೆ ಒಂದು ಹೊಸ ತಳಿಯ ಯಜಮಾನರು ಕಾಣಿಸಿಕೊಳ್ಳುತ್ತಿದ್ದಾರೆ. ಐವತ್ತು ದಾಟಿದ ವಯಸ್ಸು, ಅಪ್ಪನಿಂದ ಬಂದ ಅಂಗಡಿ, ಜೇಬಿನಲ್ಲಿ ಎರಡು ಫೋನು, ವಿಸಿಟಿಂಗ್ ಕಾರ್ಡಿನ ಕೆಳತುದಿಯಲ್ಲಿ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’. ಕಾರ್ಡು ಕೊಡುವಾಗ ಹೆಬ್ಬೆರಳು ಆ ಸಾಲಿನ ಮೇಲೇ ಇರುತ್ತದೆ. ಶಿರಸಿಯಲ್ಲಿ ಇವರು ಅಡಿಕೆ ಮಾರುತ್ತಾರೆ, ಇಳಕಲ್ಲಿನಲ್ಲಿ ಸೀರೆ, ಚನ್ನಪಟ್ಟಣದಲ್ಲಿ ಬೊಂಬೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ. ನನಗೆ ಹತ್ತಿರದಿಂದ ಗೊತ್ತಿರುವವರು ಚಳ್ಳಕೆರೆ ಕಡೆಯವರು. ಎಣ್ಣೆ ಗಿರಣಿಗಳಿಗೇ ಹೆಸರಾದ ಆ ಸೀಮೆಯಲ್ಲಿ ಹಟ ಹಿಡಿದು ಮರದ ಗಾಣದ ಶೇಂಗಾ ಎಣ್ಣೆ ಮಾರುತ್ತಾರೆ. ಹೆಸರು ಬೇಡ. ಅವರ ಬೀದಿಯಲ್ಲಿ ‘ಯಜಮಾನ್ರು’ ಅಂದರೆ ಸಾಕು, ನಾಯಿಯೂ ಅವರ ಅಂಗಡಿಯ ಕಡೆಗೇ ತಿರುಗುತ್ತದೆ.

ಅಂಗಡಿಯಲ್ಲಿ ಕೂತಾಗ ಇವರನ್ನು ನಂಬದವರಿಲ್ಲ. ಹೊಸಬರು ಬಂದು ‘ಎಣ್ಣೆ ಎಷ್ಟು?’ ಅಂದರೆ ರೇಟು ಹೇಳುವುದಿಲ್ಲ. ‘ಅಂಗೈ ಚಾಚ್ರಿ’ ಅನ್ನುತ್ತಾರೆ. ಚಾಚಿದ ಅಂಗೈಗೆ ಸೌಟಿನ ತುದಿಯಿಂದ ಎರಡು ಹನಿ ಬಿಡುತ್ತಾರೆ. ‘ಉಜ್ರಿ. ಹ್ಞಾ, ಈಗ ಮೂಸಿ.’ ಆಗತಾನೆ ಸುಲಿದ ಶೇಂಗಾದ ವಾಸನೆ ಮೂಗಿಗೆ ಏರುವ ಹೊತ್ತಿಗೆ ಹಿಂದುಗಡೆ ಗಾಣ ಕಿರುಗುಟ್ಟುತ್ತಿರುತ್ತದೆ, ಮೂಲೆಯಲ್ಲಿ ಹಿಂಡಿಯ ಚಕ್ಕೆಗಳು ರಾಶಿ ಬಿದ್ದಿರುತ್ತವೆ. ಗಿರಾಕಿ ಮನಸ್ಸು ಮಾಡಿ ಕ್ಯಾನು ಮುಂದೆ ಇಟ್ಟರೆ ಯಜಮಾನರು ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ನೋಡಿ, ‘ಇದು ನಿನ್ನೆ ಆಡಿಸಿದ್ದು, ಮಡ್ಡಿ ಇನ್ನೂ ಇಳಿದಿಲ್ಲ. ಇವತ್ತು ಕೊಡಲ್ಲ, ಶುಕ್ರವಾರ ಬನ್ನಿ’ ಅನ್ನುತ್ತಾರೆ. ಮಾರುವವನೇ ಕೊಡಲ್ಲ ಅಂದ ಮೇಲೆ ಕೊಳ್ಳುವವನಿಗೆ ಅನುಮಾನ ಎಲ್ಲಿಂದ ಬರಬೇಕು? ತಲೆಯ ಮೇಲೆ ಹಾರ ಹಾಕಿದ ಅಪ್ಪನ ಫೋಟೊ, ಅದರ ಪಕ್ಕ ಚೌಕಟ್ಟು ಕಟ್ಟಿಸಿದ ಜಿಎಸ್‌ಟಿ ಸರ್ಟಿಫಿಕೇಟು, ಅದರ ಕೆಳಗೆ ‘ಇಂದು ನಗದು ನಾಳೆ ಉದ್ರಿ’. ಹೊರಗಿನ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ‘ನಮಗೆ ಬೇರೆ ಶಾಖೆಗಳಿಲ್ಲ’. ಎಣ್ಣೆ ಕೆಟ್ಟರೆ ಜಗಳಕ್ಕೆ ಬರಬೇಕಾದ ಜಾಗ ಇದೊಂದೇ, ಇಲ್ಲಿ ನಾನೇ ಕೂತಿರುತ್ತೇನೆ ಅಂತ ಅರ್ಥ.

ಇಂಥವರು ವೆಬ್‌ಸೈಟು ಮಾಡಿಸಿದರು. ಅದರಲ್ಲಿ ಅವರೊಬ್ಬರನ್ನು ಬಿಟ್ಟು ಪ್ರಪಂಚದ ಮಿಕ್ಕ ಜನರೆಲ್ಲ ಇದ್ದರು.

ಮೊದಲ ಪುಟ ತೆರೆದರೆ ಸೂಟು ಹಾಕಿದ ಒಬ್ಬ ಬಿಳಿಯ, ಸೂಟು ಹಾಕಿದ ಒಬ್ಬಳು ಬಿಳಿಯಳು, ಇಬ್ಬರೂ ಕೈ ಕುಲುಕುತ್ತಿದ್ದಾರೆ. ಹಿಂದೆ ಗಾಜಿನ ಗಗನಚುಂಬಿಗಳು. ಮೋಡವೂ ನಮ್ಮ ಕಡೆಯದಲ್ಲ. ಚಳ್ಳಕೆರೆಯ ಆಕಾಶದಲ್ಲಿ ಅಷ್ಟು ಮೋಡ ಕಂಡಿದ್ದರೆ ಜನ ಫೋಟೊ ತೆಗೆಯುತ್ತ ನಿಲ್ಲುತ್ತಿರಲಿಲ್ಲ, ಬಿತ್ತನೆಗೆ ಓಡುತ್ತಿದ್ದರು.

‘ಯಜಮಾನ್ರೇ, ಇವರು ಯಾರು?’

‘ನಂಬಿಕೆ ಸಾರ್ ಅದು. ಕೈ ಕುಲುಕ್ತಾ ಇದಾರಲ್ಲ.’

‘ಎಣ್ಣೆ ಎಲ್ಲಿ?’

‘ಕೆಳಗೆ ಹೋಗಿ, ಕೆಳಗೆ ಹೋಗಿ.’

ಕೆಳಗೆ ಹೋದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಗುತ್ತಿರುವ ಇನ್ನೊಬ್ಬ ಹೆಣ್ಣುಮಗಳು ಸಿಕ್ಕಳು. ಈಕೆ ಕಸ್ಟಮರ್ ಕೇರ್. ಈಕೆಯೊಂದಿಗೆ ಮಾತಾಡಲು ನಂಬರು ಮಾತ್ರ ಇರಲಿಲ್ಲ. ಇನ್ನೂ ಕೆಳಗೆ, ಸೊನ್ನೆಯಿಂದ ಶುರುವಾಗಿ ಗಿರ್ರನೆ ಏರುವ ಅಂಕಿಗಳು: ಸಂತೃಪ್ತ ಗ್ರಾಹಕರು 10,000, ದೇಶಗಳು 25, ಪ್ರಶಸ್ತಿಗಳು 150. ಬಳ್ಳಾರಿಯಾಚೆ ಡಬ್ಬಿ ಕಳಿಸಿ ಗೊತ್ತಿಲ್ಲದ ಮನುಷ್ಯನಿಗೆ 25 ದೇಶ. ಪ್ರಶಸ್ತಿ ಯಾವುದು ಅಂತ ಕೇಳಿದೆ.

‘ಗಣೇಶೋತ್ಸವ ಸಮಿತಿಯೋರು ಶಾಲು ಹಾಕಿದ್ರಲ್ಲ?’

‘ಮಿಕ್ಕ 149?’

‘ಅದು ಟೆಂಪ್ಲೇಟಲ್ಲೇ ಇತ್ತು ಸಾರ್. ತೆಗೆದ್ರೆ ಪೇಜು ಬೋಳಾಗುತ್ತಂತೆ.’

‘ಅಂತೆ’ ಅಂದರೆ ತಂಗಿ ಮಗ. ಇಂಥ ಪ್ರತಿಯೊಬ್ಬ ಯಜಮಾನರ ಹಿಂದೆಯೂ ಬಿಸಿಎ ಓದುತ್ತಿರುವ ಒಬ್ಬ ತಂಗಿ ಮಗ ಇರುತ್ತಾನೆ. ಅವನಿಗೆ ದುಡ್ಡು ಕೊಡುವಂತಿಲ್ಲ, ಬೈಯುವಂತೆಯೂ ಇಲ್ಲ. ಹುಡುಗ ಜಾಣ, ಓದಿಕೊಂಡಿದ್ದಾನೆ ಕೂಡ. 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2,684 ಜನರಿಗೆ ವೆಬ್‌ಸೈಟುಗಳನ್ನು ತೋರಿಸಿ, ಯಾವುದನ್ನು ನಂಬುತ್ತೀರಿ, ಯಾಕೆ ಅಂತ ಕೇಳಿದ್ದರು. ಬಂದ ಟಿಪ್ಪಣಿಗಳಲ್ಲಿ ಶೇಕಡಾ 46.1ರಷ್ಟು ಪುಟದ ನೋಟದ ಬಗ್ಗೆಯೇ ಇದ್ದವು. 2006ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು, ಪುಟ ಚೆನ್ನಾಗಿದೆಯೋ ಇಲ್ಲವೋ ಅಂತ ಕಣ್ಣು ತೀರ್ಮಾನಿಸಲು 50 ಮಿಲಿಸೆಕೆಂಡು ಸಾಕು ಅಂತ ಕಂಡುಕೊಂಡರು. ಹುಡುಗ ಇದನ್ನು ಒಪ್ಪಿಸಿದಾಗ ಯಜಮಾನರು, ‘ಅಷ್ಟೊತ್ತಿಗೆ ನಮ್ಮ ತಕ್ಕಡಿ ಮುಳ್ಳೂ ನಿಲ್ಲಲ್ಲ’ ಅಂತ ಉಸಿರು ಬಿಟ್ಟರಂತೆ. ಮಾತು ನಿಜವೇ. ಆದರೆ ನೋಟ ಮುಖ್ಯ ಅಂದದ್ದನ್ನು ಹುಡುಗ, ಇರುವ ಬಣ್ಣವನ್ನೆಲ್ಲ ಬಳಿ ಅಂತ ಕೇಳಿಸಿಕೊಂಡ. ಹಳದಿಯ ಮೇಲೆ ಬಿಳಿ ಅಕ್ಷರ, ಓಡುವ ಸಾಲು, ಮಿನುಗುವ ‘ಆಫರ್’, ಜೊತೆಗೆ ಕೇಳದೇ ಶುರುವಾಗುವ ಕೊಳಲು. 50 ಮಿಲಿಸೆಕೆಂಡೂ ಬೇಕಾಗಲಿಲ್ಲ. ನನ್ನ ಹೆಬ್ಬೆರಳು ತಾನಾಗಿಯೇ ಫೋನಿನ ಬ್ಯಾಕ್ ಬಟನ್ ಹುಡುಕುತ್ತಿತ್ತು.

‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಮೊದಲ ಪ್ಯಾರಾ ‘ಲೀಡಿಂಗ್ ಪ್ರೊವೈಡರ್ ಆಫ್ ಎಂಡ್ ಟು ಎಂಡ್ ಸಲ್ಯೂಷನ್ಸ್’. ಎರಡನೆಯದು ‘ಲೋರೆಮ್ ಇಪ್ಸಮ್’. ಅಚ್ಚಿನವರು ಖಾಲಿ ಜಾಗ ತುಂಬಲು ಬಳಸುವ ಈ ಸಾಲುಗಳು ಕ್ರಿಸ್ತಪೂರ್ವ 45ರ ಸುಮಾರಿಗೆ ರೋಮಿನ ಸಿಸೆರೊ ಬರೆದ ಲ್ಯಾಟಿನ್ ಗ್ರಂಥವೊಂದರ ಮುರುಕು. ಅಂತೂ ಗಾಣದ ವಂಶಾವಳಿ ಹೇಳಬೇಕಾದ ಕಡೆ ಸಿಸೆರೊ ಬಂದು ಕೂತಿದ್ದ. ಅಪ್ಪ ಎತ್ತು ಕಟ್ಟಿ ಗಾಣ ಆಡಿಸಿದ್ದು, ಗಿರಣಿಗಳು ಬಂದಾಗ ಎತ್ತು ಮಾರಿದ್ದು, ಈಗ ಮೋಟಾರು ಹಾಕಿ ಮತ್ತೆ ಅದೇ ಮರದ ಒನಕೆ ತಿರುಗಿಸುತ್ತಿರುವುದು, ಒಂದಕ್ಷರವೂ ಇಲ್ಲ. ಯಾಕೆ ಹಾಕಿಲ್ಲ ಅಂದರೆ ಯಜಮಾನರಿಗೆ ನಾಚಿಕೆ. ‘ಅವೆಲ್ಲಾ ಯಾರಿಗೆ ಬೇಕು ಸಾರ್? ಕಂಪ್ನಿ ಥರ ಕಾಣಬೇಕು.’

ಇವರ ರೋಗ ಇರುವುದೇ ಇಲ್ಲಿ. ಕಳ್ಳರಲ್ಲ, ಕಲಬೆರಕೆಯವರಲ್ಲ, ಅಪ್ಪಟ ಸಾಚಾ ಮನುಷ್ಯರು. ಆದರೆ ಅಂತರ್ಜಾಲಕ್ಕೆ ಹೊರಡುವಾಗ ಮೈಗೆ ಹೊಂದದ ಬಾಡಿಗೆ ಸೂಟು ತೊಟ್ಟು ಮದುವೆಗೆ ಹೊರಟ ಗಂಡಿನ ಹಾಗೆ ಹೊರಡುತ್ತಾರೆ, ಬಾಗಿಲಲ್ಲಿ ಬೀಗರೇ ಗುರುತು ಹಿಡಿಯುವುದಿಲ್ಲ. ಇನ್ನೂ ತಮಾಷೆಯೆಂದರೆ ಮೋಸಗಾರರ ಸೈಟುಗಳು ಬಲು ಚೊಕ್ಕ. ದೊಡ್ಡ ಕಂಪನಿಯ ಲೋಗೊ, ಅದೇ ಬಣ್ಣ, ಅದೇ ಅಕ್ಷರ ಎಲ್ಲ ಅಚ್ಚುಕಟ್ಟಾಗಿ ಎತ್ತಿಟ್ಟಿರುತ್ತಾರೆ. ಸಾಚಾ ಆದವರ ಸೈಟು ನೋಡಿದರೆ ಸೈಬರ್ ಕ್ರೈಂ ಸಹಾಯವಾಣಿ 1930 ನೆನಪಾಗುತ್ತದೆ.

ಗ್ರಾಹಕರ ಪ್ರಶಂಸೆಯ ವಿಭಾಗ ತಯಾರಾಗುವಾಗ ನಾನೇ ಎದುರಿಗಿದ್ದೆ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕಣ್ಣು ಮುಚ್ಚಿ ಹೇಳುತ್ತಿದ್ದರು, ಹುಡುಗ ಟೈಪಿಸುತ್ತಿದ್ದ. ‘ನಾನು ಈ ಎಣ್ಣೆಯನ್ನು ಬಳಸಿದ ನಂತರ ನನ್ನ ಜೀವನವೇ ಬದಲಾಯಿತು. ಇಂತಿ, ಒಬ್ಬ ಡಾಕ್ಟರ್, ಬೆಂಗಳೂರು.’ ಸ್ವಲ್ಪ ತಡೆದು, ‘ಡಾಕ್ಟರ್ ಬೇಡ, ಇಂಜಿನಿಯರ್ ಮಾಡು, ಡಾಕ್ಟರು ಎಣ್ಣೇನೇ ಬೇಡ ಅಂತಾರೆ.’ ಐದಕ್ಕೆ ಐದು ನಕ್ಷತ್ರ. ಇದೇ ಹೊತ್ತಿಗೆ ಅಂಗಡಿ ಮುಂದೆ ಒಬ್ಬ ಅಜ್ಜಿ ಖಾಲಿ ಬಾಟಲಿ ಹಿಡಿದು ನಿಂತಿದ್ದರು. ‘ಏನಪ್ಪಾ, ಹೋದ ಸಲ ಸ್ವಲ್ಪ ಮಡ್ಡಿ ಬಂದಿತ್ತು. ಆದ್ರೂ ಒಗ್ಗರಣೆ ಹಾಕಿದ್ರೆ ಪಕ್ಕದ್ಮನೇರು ಬಂದು ಕೇಳ್ತಾರೆ, ಏನ್ ಮಾಡಿದೀರ ಅಂತ’ ಎಂದರು. ಯಜಮಾನರು, ‘ಸ್ವಲ್ಪ ನಿಲ್ಲಮ್ಮ, ಇಲ್ಲಿ ಕಸ್ಟಮರ್ ಅಭಿಪ್ರಾಯ ಬರೀತಾ ಇದೀವಿ’ ಅಂತ ಅವರನ್ನು ಸುಮ್ಮನಾಗಿಸಿದರು.

ಹೀಗೆ ಬರೆದುಕೊಳ್ಳುವುದು ಬರೀ ನಗೆಪಾಟಲಲ್ಲ, ನಿಯಮಕ್ಕೂ ವಿರುದ್ಧ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ಹೊಗಳಿಕೊಳ್ಳುವಂತಿಲ್ಲ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಅಂತ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ. ‘ಕೇವಲ 2 ಡಬ್ಬಿ ಉಳಿದಿವೆ, ಬೇಗ!’ ಎಂಬ ಹುಸಿ ಅವಸರವನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದ ಹದಿಮೂರು ವಂಚನೆಯ ವರಸೆಗಳಲ್ಲಿ ಸೇರಿಸಿದೆ. ನಮ್ಮ ಯಜಮಾನರ ಸೈಟಿನಲ್ಲಿ ಆ ಎರಡು ಡಬ್ಬಿ ಯುಗಾದಿಯಿಂದ ದೀಪಾವಳಿವರೆಗೂ ಉಳಿದಿದ್ದವು. ಅಂಗಡಿಯಲ್ಲಿ ‘ಶುಕ್ರವಾರ ಬನ್ನಿ’ ಅನ್ನುವ ಬಾಯಿ, ಸೈಟಿನಲ್ಲಿ ‘ಬೇಗ ಬೇಗ’ ಅನ್ನುತ್ತಿತ್ತು.

ಬೀಗದ ವಿಷಯ ಚಿಕ್ಕದು. ಪುಟದ ಮಧ್ಯೆ ಹೊಳೆಯುವ ಚಿನ್ನದ ಬೀಗ, ‘100% ಸೆಕ್ಯೂರ್’. ಮೇಲೆ ವಿಳಾಸದ ಪಟ್ಟಿಯಲ್ಲಿ ಕ್ರೋಮ್ ಬ್ರೌಸರೇ ‘ನಾಟ್ ಸೆಕ್ಯೂರ್’ ಅಂತ ಬರೆದಿತ್ತು. ಭದ್ರತಾ ಸರ್ಟಿಫಿಕೇಟು ಇಲ್ಲದ ಸೈಟುಗಳಿಗೆ 2018ರಿಂದ ಕ್ರೋಮ್ ಹಾಗೆ ಬರೆಯುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಆ ಸರ್ಟಿಫಿಕೇಟನ್ನು ಬಿಟ್ಟಿಯಾಗಿ ಕೊಡುತ್ತದೆ, ಹುಡುಗ ಹಾಕಿರಲಿಲ್ಲ. ಹಾಕಿದರೂ ಅದರರ್ಥ ದಾರಿಯಲ್ಲಿ ಯಾರೂ ಕದ್ದು ನೋಡಲಾರರು ಅಂತ ಮಾತ್ರ, ಆ ಕಡೆ ಕೂತವನು ಸಾಚಾ ಅಂತಲ್ಲ. ಜನ ಇದನ್ನೇ ತಪ್ಪು ತಿಳಿಯುತ್ತಾರೆಂದು 2023ರಲ್ಲಿ ಕ್ರೋಮ್‌ನವರು ವಿಳಾಸದ ಪಟ್ಟಿಯಿಂದ ಬೀಗದ ಚಿತ್ರವನ್ನೇ ತೆಗೆದರು. ಐಎಸ್‌ಒ ಲೋಗೊ ಕತೆಯೂ ಅಷ್ಟೇ. ಆ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟು ಕೊಡುವುದಿಲ್ಲ, ತನ್ನ ಲೋಗೊ ಬಳಸಲೂ ಬಿಡುವುದಿಲ್ಲ. ಯಜಮಾನರ ಸೈಟಿನಲ್ಲಿ ಅದು ಮೂರು ಕಡೆ ಇತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಕಡೆ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಜಿಎಸ್‌ಟಿ ನಂಬರು, ಕರ್ನಾಟಕದ 29ರಿಂದ ಶುರುವಾಗುವ ಹದಿನೈದು ಅಕ್ಷರ, ಸೈಟಿನಲ್ಲಿ ಎಲ್ಲೂ ಇಲ್ಲ. ಡಬ್ಬಿಯ ಲೇಬಲ್ಲಿನಲ್ಲಿರುವ ಎಫ್‌ಎಸ್‌ಎಸ್‌ಎಐ ಆಹಾರ ಪರವಾನಗಿಯ ಹದಿನಾಲ್ಕು ಅಂಕಿ ಇಲ್ಲ. ಇವೆರಡನ್ನು ಯಾರು ಬೇಕಾದರೂ ಸರ್ಕಾರದ ಪೋರ್ಟಲಿಗೆ ಹೋಗಿ ಹೊಡೆದು ನೋಡಬಹುದು. ಚಿನ್ನದ ಬೀಗವನ್ನು ಯಾವ ಪೋರ್ಟಲಿನಲ್ಲಿ ಹೊಡೆದು ನೋಡುವುದು? ‘ಅದೆಲ್ಲಾ ಊರಿಗೆಲ್ಲಾ ಯಾಕೆ ಸಾರ್ ತೋರ್ಸೋದು’ ಅಂತ ಯಜಮಾನರು ಮುಚ್ಚಿಟ್ಟಿದ್ದರು. ಬೀದಿ ಹೆಸರು ಇಲ್ಲ, ಪಿನ್‌ಕೋಡ್ ಇಲ್ಲ. ಜೇಬಿನಲ್ಲಿರುವ ಎರಡು ಫೋನುಗಳಲ್ಲಿ ಒಂದರ ನಂಬರೂ ಇಲ್ಲ, ‘ಸಾಲ ಬೇಕಾ ಅಂತ ಫೋನ್ ಮಾಡ್ತಾರೆ’ ಅಂತ. ವಾಪಸಾತಿ ನಿಯಮದ ಪುಟ ಯಾರದೋ ಸೈಟಿನಿಂದ ಎತ್ತಿದ್ದು: ಒಮ್ಮೆ ಮಾರಿದ ಸರಕನ್ನು ಯಾವುದೇ ಕಾರಣಕ್ಕೂ ಹಿಂದಕ್ಕೆ ಪಡೆಯುವುದಿಲ್ಲ, ವ್ಯಾಜ್ಯವೇನಿದ್ದರೂ ದೆಹಲಿಯ ನ್ಯಾಯಾಲಯಗಳಲ್ಲಿ. ದೆಹಲಿ! ಅಂಗಡಿಯಲ್ಲಿ ಇದೇ ಮನುಷ್ಯರ ನಿಯಮ ‘ಚೆನ್ನಾಗಿಲ್ಲ ಅಂದ್ರೆ ತಂದು ನನ್ನ ತಲೆ ಮೇಲೆ ಸುರೀರಿ’ ಅಂತ.

ಕೊನೆಗೂ ಸೈಟು ಬದಲಾಯಿತು. ನನ್ನ ಉಪದೇಶದಿಂದಲ್ಲ. ದಾವಣಗೆರೆಯ ಒಬ್ಬರು ಐದು ಲೀಟರ್ ಬೇಕೆಂದು ಸೈಟು ನೋಡಿ, ಹೆದರಿ, ದುಡ್ಡು ಹಾಕದೆ, ಪರಿಚಯದವರನ್ನು ಅಂಗಡಿಗೇ ಅಟ್ಟಿ ‘ಇಂಥದ್ದೊಂದು ಅಂಗಡಿ ಇದೆಯಾ?’ ಅಂತ ವಿಚಾರಿಸಿದರು. ಅಪ್ಪನ ಫೋಟೊದ ಕೆಳಗೆ ಕೂತೇ ‘ನೀವು ನಿಜವಾಗ್ಲೂ ಇದೀರಾ?’ ಅನ್ನಿಸಿಕೊಂಡದ್ದು ಯಜಮಾನರಿಗೆ ನಾಟಿತು. ಬಿಳಿಯರಿಬ್ಬರೂ ಸೂಟು ಸಮೇತ ಹೊರಟರು. ಗಾಣದ ಪಕ್ಕ ನಿಂತ ಯಜಮಾನರ ಫೋಟೊ ಬಂತು. ಸಿಸೆರೊ ಜಾಗಕ್ಕೆ ಎತ್ತುಗಳು ಬಂದವು. ವಿಳಾಸ, ನಂಬರು, ಬೋರ್ಡಿನ ಚಿತ್ರ, ಮಡ್ಡಿಯ ಮಾತನ್ನೂ ಸೇರಿಸಿ ಅಜ್ಜಿಯ ಅಭಿಪ್ರಾಯ. ನಕ್ಷತ್ರ ಎಷ್ಟು ಕೊಡ್ತೀರಿ ಅಂದಿದ್ದಕ್ಕೆ ಅಜ್ಜಿ, ‘ಮೊದಲು ಬಾಟ್ಲಿ ತುಂಬ್ಸು’ ಅಂದರಂತೆ. ಅದನ್ನೂ ಹಾಕಿದ್ದಾರೆ.

ಇನ್ನೂ ಒಂದು ಕೊರತೆ ಇತ್ತು. ಅದೇ 2020ರ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯೊಬ್ಬರ ಹೆಸರು, ಹುದ್ದೆ, ಸಂಪರ್ಕ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಅನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಧಿಕಾರಿ ಎಂಬ ಮಾತು ಕೇಳಿ ಯಜಮಾನರ ಎದೆ ಒಂದಂಗುಲ ಉಬ್ಬಿತು, ತಮ್ಮ ಹೆಸರನ್ನೇ ಹಾಕಿಸಿಕೊಂಡರು. ಹುಡುಗ ಗಟ್ಟಿಯಾಗಿ ಓದಿ ಹೇಳುವಾಗ ಯಜಮಾನತಿ ಟೀ ತಂದು ನಿಂತಿದ್ದರು.

‘48 ಗಂಟೇಲಿ ಉತ್ತರಾನಾ? ಯಾರು ಬರೆದ್ರೂನಾ?’

‘ಯಾರು ಬರೆದ್ರೂ ಅತ್ತೆ.’

ಮರುದಿನ ಬೆಳಗ್ಗೆ ಸೈಟಿಗೆ ಮೊದಲ ದೂರು ಬಂದಿತ್ತು. ವಿಷಯ: ಹಿತ್ತಲ ನಲ್ಲಿ ಸೋರುತ್ತಿರುವುದು, ಹೋದ ಶ್ರಾವಣದಿಂದ. ಅಧಿಕಾರಿಗಳು ಈಗ ‘ತಲುಪಿದೆ’ ಅಂತ ಬರೆಯುವುದೋ ಬೇಡವೋ ಅಂತ ಹುಡುಗನ ಜೊತೆ ಸಮಾಲೋಚನೆ ನಡೆಸಿದ್ದಾರೆ. ಬರೆದರೆ ತಿಂಗಳ ಗಡುವು ಶುರುವಾಗುತ್ತದಂತೆ.