ದೇವದುರ್ಗವನ್ನು ಲಿಂಗಸುಗೂರಿಗೆ ಒಯ್ಯಬೇಡಿ

ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಅಕ್ಷಾಂಶ-ರೇಖಾಂಶ ಬರೆಯುವ ಅಕ್ಕ-ಅಣ್ಣಂದಿರಿಗೆ,



ಈಗ ಕೊಳವೆಬಾವಿಗೂ ಅಕ್ಷಾಂಶ ಬೇಕು, ಮಂಜೂರಾದ ಮನೆಯ ಬುನಾದಿಗೂ ಬೇಕು. "ಜಿಪಿಎಸ್ ಆಗ್ಯಾದೇನ್ರೀ?" ಎಂದು ಹಳ್ಳಿಹಳ್ಳಿಯಲ್ಲಿ ಕೇಳುತ್ತಾರೆ. ಆ ಅಂಕಿ ಬರೆದುಕೊಳ್ಳುವವರು ನೀವು, ಅದಕ್ಕೇ ನಿಮಗೆ ಈ ಪತ್ರ.

ದೇವದುರ್ಗ ಇರುವುದು ಸುಮಾರು 16 ಡಿಗ್ರಿ 25 ನಿಮಿಷ ಉತ್ತರ, 76 ಡಿಗ್ರಿ 56 ನಿಮಿಷ ಪೂರ್ವದಲ್ಲಿ. ಸರ್ವೆ ನಕಾಶೆಯಲ್ಲಿ ಲೆಕ್ಕ ಹೀಗೇ ಇರುತ್ತದೆ. ಮೊಬೈಲ್ ಮ್ಯಾಪ್ ಸಾಮಾನ್ಯವಾಗಿ ದಶಮಾಂಶದಲ್ಲಿ ತೋರಿಸುತ್ತದೆ. ಅವಸರದಲ್ಲಿ 16.25, 76.56 ಎಂದು ಒತ್ತಿದಿರೋ, ಊರು 44 ಕಿ.ಮೀ. ನೈಋತ್ಯಕ್ಕೆ ಸರಿದು ಲಿಂಗಸುಗೂರಿನ ಹತ್ತಿರ ಕೂರುತ್ತದೆ. ಡಿಗ್ರಿಗೆ 60 ನಿಮಿಷ, 100 ಅಲ್ಲ. 25ನ್ನು 60ರಿಂದ ಭಾಗಿಸಿದರೆ 0.4167, ಬರೆಯಬೇಕಾದದ್ದು 16.4167. ಸೆಕೆಂಡೂ ಇದ್ದರೆ ಅದನ್ನು 3600ರಿಂದ ಭಾಗಿಸಿ ಕೂಡಿಸಿ. ಮಾನ್ವಿಯ 15 ಡಿಗ್ರಿ 59 ನಿಮಿಷ 15.59 ಆದರಂತೂ ಊರು ತುಂಗಭದ್ರೆ ದಾಟಿ ಸಿರುಗುಪ್ಪ-ಆದೋನಿ ನಡುವಿನ ಸೀಮೆಗೆ ಹೋಗುತ್ತದೆ.

ನನಗೆ ಹೆಚ್ಚು ಭಯವಿರುವುದು ರಾಯಚೂರಿನ ಬಗ್ಗೆ. 16 ಡಿಗ್ರಿ 12 ನಿಮಿಷ, 77 ಡಿಗ್ರಿ 22 ನಿಮಿಷವನ್ನು 16.12, 77.22 ಎಂದು ಬರೆದರೆ ವ್ಯತ್ಯಾಸ ಬರೀ 18 ಕಿ.ಮೀ. ಜಾಗ ಜಿಲ್ಲೆಯೊಳಗೇ ಉಳಿಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನದಿ ದಾಟಿದ ತಪ್ಪನ್ನು ಯಾರಾದರೂ ಹಿಡಿದಾರು, ಇದನ್ನು ಹಿಡಿಯುವುದು ಕಷ್ಟ. ಪರೀಕ್ಷೆಗೆ ಒಂದು ಉಪಾಯವಿದೆ. ಹಲವು ಊರುಗಳ ಉದ್ದನೆಯ ಪಟ್ಟಿಯಲ್ಲಿ ಚುಕ್ಕೆಯ ಪಕ್ಕದ ಅಂಕಿ 6, 7, 8, 9 ಒಮ್ಮೆಯೂ ಬಂದಿಲ್ಲವೆಂದರೆ, ಯಾರೋ ನಿಮಿಷವನ್ನೇ ದಶಮಾಂಶ ಮಾಡಿ ಬರೆದಿರುವ ಸಂಭವ ಹೆಚ್ಚು.

ಕಂಪ್ಯೂಟರಿನಲ್ಲಿ ದೂರ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು. ಎಕ್ಸೆಲ್‌ಗೆ ಡಿಗ್ರಿ ಗೊತ್ತಿಲ್ಲ, ಅದು ಕೋನವನ್ನು ರೇಡಿಯನ್ ಎಂದೇ ಓದುತ್ತದೆ. ರೇಖಾಂಶದ ಅಗಲ ಅಕ್ಷಾಂಶದ ಕೊಸೈನ್‌ಗೆ ತಕ್ಕಂತೆ ಇರುತ್ತದೆ. 16 ಡಿಗ್ರಿಯ ಕೊಸೈನ್ 0.961, ಆದ್ದರಿಂದಲೇ ನಮ್ಮ ಕಡೆ ಒಂದು ಡಿಗ್ರಿ ರೇಖಾಂಶದ ಅಗಲ ಸುಮಾರು 107 ಕಿ.ಮೀ. ಬರೀ 16 ಕೊಟ್ಟರೆ ಎಕ್ಸೆಲ್ ಹೇಳುವ ಉತ್ತರ ಮೈನಸ್ 0.958. ಅಂಕಿ ಹೆಚ್ಚುಕಡಿಮೆ ಅದೇ, ಚಿಹ್ನೆ ಮಾತ್ರ ತಿರುಗಾಮುರುಗಾ. ಮೈನಸ್ ಹೇಗೆ ಬಂತೋ ಎಂದು ಅಳಿಸಿ ಮುಂದೆ ಹೋಗಬೇಡಿ. ಮೊದಲು ಡಿಗ್ರಿಯನ್ನು ಪೈಯಿಂದ ಗುಣಿಸಿ, 180ರಿಂದ ಭಾಗಿಸಿ.

ಅಂಕಿ ಬರೆಯುವ ಪುಸ್ತಕದಲ್ಲಿ ಅಂಕಣದ ತಲೆಯ ಮೇಲೆ "ಡಿಗ್ರಿ-ನಿಮಿಷ-ಸೆಕೆಂಡ್" ಅಥವಾ "ದಶಮಾಂಶ ಡಿಗ್ರಿ" ಎಂದು ದಯವಿಟ್ಟು ಬರೆಯಿರಿ. ನಾಳೆ ನಿಮ್ಮ ಜಾಗಕ್ಕೆ ಬರುವವರು ಆ ಊರನ್ನು ಕಂಡೇ ಇರಲಿಕ್ಕಿಲ್ಲ. ಅವರಿಗೆ ಸಿಗುವುದು ನೀವು ಬರೆದ ಅಂಕಿ ಮಾತ್ರ.

ಇಂತಿ,
ನಿಮ್ಮವ